ಚಿಲ್ಡ್ರನ್’ಸ್, ವಿಮೆನ್’ಸ್, ಆಕ್ಸೆನ್’ಸ್: ಅಪಾಸ್ಟ್ರಫಿ ಎಲ್ಲಿ ಹಾಕಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಲಾ ಶಿಕ್ಷಕರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇವು. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ, ಅಂದರೆ ’ ಚಿಹ್ನೆ, ಎಲ್ಲಿ ಬರುತ್ತದೋ ಇಲ್ಲೂ ಅಲ್ಲೇ ಹಾಕಿದ್ದೇವೆ. ಅದರ ಪಕ್ಕದ “ಸ್” ಅಂದರೆ ಎಸ್ ಅಕ್ಷರ ಎಂದು ಓದಿಕೊಳ್ಳಿ.

“ಮಕ್ಕಳ ಆಸ್ಪತ್ರೆ” ಎಂದು ಬರೆಯುವಾಗ ಅಪಾಸ್ಟ್ರಫಿ ಎಸ್‌ಗಿಂತ ಮೊದಲೋ, ಆಮೇಲೋ?

ಮೊದಲು. ಚಿಲ್ಡ್ರನ್’ಸ್ ಹಾಸ್ಪಿಟಲ್. ಚಿಲ್ಡ್ರನ್ ಪದ ಎನ್ ಅಕ್ಷರಕ್ಕೆ ಮುಗಿಯುತ್ತದೆ, ಆಮೇಲೆ ಅಪಾಸ್ಟ್ರಫಿ, ಅದಾದ ಮೇಲೆ ಎಸ್. ಎಸ್ ಹಾಕಿ ಕೊನೆಗೆ ಚಿಹ್ನೆ ಇಟ್ಟರೆ ತಪ್ಪು, ಏಕೆಂದರೆ “ಚಿಲ್ಡ್ರನ್ಸ್” ಎಂಬ ಬಹುವಚನವೇ ಇಂಗ್ಲಿಷಿನಲ್ಲಿಲ್ಲ. ಚಿಹ್ನೆಯನ್ನೇ ಬಿಟ್ಟು ಬರೆಯುವುದೂ ತಪ್ಪೇ.

ಬಹುವಚನವಾದರೆ ಎಸ್ ಆದಮೇಲೆ ಅಪಾಸ್ಟ್ರಫಿ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ?

ಆ ಸೂತ್ರ ಅರ್ಧ ಮಾತ್ರ ನಿಜ. ಈ ವಿಷಯದಲ್ಲಿ ಆಗುವ ತಪ್ಪುಗಳ ದೊಡ್ಡ ಪಾಲು ಹುಟ್ಟುವುದು ಅಲ್ಲಿಂದಲೇ. ಬಾಯ್ಸ್’ ಹಾಸ್ಟೆಲ್, ಟೀಚರ್ಸ್’ ಅಸೋಸಿಯೇಶನ್, ಫಾರ್ಮರ್ಸ್’ ಮಾರ್ಕೆಟ್ ಎಂದೆಲ್ಲ ಬರೆಯುವಾಗ ಚಿಹ್ನೆ ಕೊನೆಗೆ ಬರುವುದು ಪದ ಬಹುವಚನ ಎಂಬ ಕಾರಣಕ್ಕಲ್ಲ. ಆ ಬಹುವಚನ ಆಗಲೇ ಎಸ್‌ಗೆ ಮುಗಿದಿದೆ, ಅದರ ಮೇಲೆ ಇನ್ನೊಂದು ಎಸ್ ಬೇಡ ಎಂಬ ಕಾರಣಕ್ಕೆ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಹುವಚನ ರೂಪವನ್ನು ಬರೆದಾಗ ಕೊನೆಯ ಅಕ್ಷರ ಎಸ್ ಆಗಿದೆಯೇ? ಆಗಿದ್ದರೆ ಬರೀ ಅಪಾಸ್ಟ್ರಫಿ. ಆಗಿಲ್ಲದಿದ್ದರೆ ಅಪಾಸ್ಟ್ರಫಿ ಮತ್ತು ಎಸ್. ಮೆನ್, ವಿಮೆನ್, ಚಿಲ್ಡ್ರನ್, ಪೀಪಲ್, ಆಕ್ಸೆನ್, ಫೀಟ್, ಟೀತ್, ಗೀಸ್, ಮೈಸ್ ಇವು ಯಾವುವೂ ಎಸ್ ಅಕ್ಷರಕ್ಕೆ ಮುಗಿಯುವುದಿಲ್ಲ. ಆದ್ದರಿಂದ ಮೆನ್’ಸ್, ವಿಮೆನ್’ಸ್, ಪೀಪಲ್’ಸ್, ಆಕ್ಸೆನ್’ಸ್.

ನಮ್ಮ ಭಾಷೆಯಲ್ಲೂ ಕ್ರಮ ಇದೇ. ಮಗು ಮೊದಲು ಮಕ್ಕಳು ಆಗುತ್ತದೆ, ಆಮೇಲೆ ವಿಭಕ್ತಿ ಸೇರಿ ಮಕ್ಕಳ ಆಗುತ್ತದೆ. ಬೆಳಗಾವಿಯ ಮರಾಠಿ ಮನೆಮಾತಿನ ಮಕ್ಕಳಿಗೂ ಇದು ಹೊಸತಲ್ಲ, ಅವರ “ಮುಲಾಂಚೆ”ಯಲ್ಲೂ ಬಹುವಚನದ ರೂಪ ಮೊದಲು, “ಚೆ” ಆಮೇಲೆ. ತರಗತಿಯಲ್ಲಿ ಈ ಎರಡು ಹೆಜ್ಜೆಗಳನ್ನು ಬೇರೆ ಬೇರೆಯಾಗಿಯೇ ಮಾಡಿಸಿ. ಹಲಗೆಯ ಮೇಲೆ ಬಹುವಚನವನ್ನು ಪೂರ್ತಿ ಬರೆಸಿ, ಕೊನೆಯ ಅಕ್ಷರದ ಕೆಳಗೆ ಗೆರೆ ಎಳೆಸಿ, ಆಮೇಲೆ ಚಿಹ್ನೆ ಹಾಕಿಸಿ. ಏಕವಚನದಿಂದ ನೇರವಾಗಿ ಷಷ್ಠಿಗೆ (ಯಾರದು ಎಂದು ಹೇಳುವ ರೂಪಕ್ಕೆ) ಜಿಗಿಯಲು ಬಿಟ್ಟರೆ ಮಕ್ಕಳು “ಚೈಲ್ಡ್ಸ್” ಎಂದೋ “ಚಿಲ್ಡ್ರನ್ಸ್” ಎಂದೋ ಬರೆದು ಕೈ ತೊಳೆದುಕೊಳ್ಳುತ್ತಾರೆ.

ಮೈಸ್, ಗೀಸ್ ಎಂದು ಹೇಳುವಾಗ ಕೊನೆಗೆ “ಸ್” ಕೇಳಿಸುತ್ತದೆ. ಹಾಗಾದರೆ ಬರೀ ಅಪಾಸ್ಟ್ರಫಿ ಸಾಕಲ್ಲವೇ?

ಸಾಲದು. ಇಲ್ಲಿ ಕಿವಿಯನ್ನು ನಂಬಬಾರದು, ಕಣ್ಣನ್ನು ನಂಬಬೇಕು. ಮೈಸ್ ಪದದ ಕಾಗುಣಿತ ಎಮ್-ಐ-ಸಿ-ಇ, ಗೀಸ್ ಪದದ್ದು ಜಿ-ಇ-ಇ-ಎಸ್-ಇ. ಎರಡೂ ಇ ಅಕ್ಷರಕ್ಕೆ ಮುಗಿಯುತ್ತವೆ. ಆದ್ದರಿಂದ ಮೈಸ್’ಸ್, ಗೀಸ್’ಸ್ ಎಂದೇ ಬರೆಯಬೇಕು. ಓದುವಾಗ “ಮೈಸಿಜ್”, “ಗೀಸಿಜ್” ಎಂದಾಗುತ್ತದೆ. ಹೇನಿನ ಬಹುವಚನ ಲೈಸ್ ಪದಕ್ಕೂ ಇದೇ ಲೆಕ್ಕ.

ಕನ್ನಡ ಲಿಪಿಯಲ್ಲಿ ಬರೆದು ಕಲಿತವರಿಗೆ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ನಮ್ಮ ಬರವಣಿಗೆಯಲ್ಲಿ ಮೈಸ್ ಮತ್ತು ಬಾಯ್ಸ್ ಎರಡರ ತುದಿಯೂ ಒಂದೇ ಥರ ಕಾಣುತ್ತದೆ. ಅನುಮಾನ ಬಂದಾಗಲೆಲ್ಲ ಇಂಗ್ಲಿಷ್ ಕಾಗುಣಿತವನ್ನು ಒಂದು ಸಲ ಬಿಡಿ ಬಿಡಿಯಾಗಿ ಹೇಳಿಕೊಳ್ಳಿ.

ಉಚ್ಚಾರಣೆ ಹೇಗೆ? ಎಲ್ಲ ಕಡೆ “ಸ್” ಎಂದೇ ಹೇಳಬೇಕೇ?

ಇಲ್ಲ. ಮೆನ್’ಸ್, ವಿಮೆನ್’ಸ್, ಚಿಲ್ಡ್ರನ್’ಸ್, ಆಕ್ಸೆನ್’ಸ್, ಪೀಪಲ್’ಸ್, ಡಿಯರ್’ಸ್ ಪದಗಳಲ್ಲಿ ಕೊನೆಯ ಸದ್ದು ಮೃದುವಾದ “ಜ್” ಹತ್ತಿರದ್ದು. ಶೀಪ್’ಸ್, ಫೀಟ್’ಸ್, ಟೀತ್’ಸ್ ಪದಗಳಲ್ಲಿ ಗಟ್ಟಿ “ಸ್”. ಮೈಸ್’ಸ್, ಗೀಸ್’ಸ್‌ಗಳಲ್ಲಿ “ಇಜ್”. ನಾವು ಎಲ್ಲವನ್ನೂ “ಸ್” ಎಂದೇ ಹೇಳುತ್ತೇವೆ, ಅದರಿಂದ ಕೇಳುವವರಿಗೆ ಅರ್ಥ ಕೆಡುವುದಿಲ್ಲ.

ಕೆಡುವುದು ಇನ್ನೊಂದು ಕಡೆ. ಒಬ್ಬಳಾದರೆ ವುಮನ್, ಹಲವರಾದರೆ ವಿಮೆನ್, ಮೊದಲ ಸ್ವರವೇ ಬೇರೆ. ನಮ್ಮ ಬೋರ್ಡುಗಳಲ್ಲಿ “ವುಮೆನ್ಸ್” ಎಂಬ ಒಂದೇ ರೂಪ ಎರಡಕ್ಕೂ ಓಡಾಡುತ್ತಿರುವುದರಿಂದ ಕಾಗುಣಿತದಲ್ಲೂ ಎ ಅಕ್ಷರವೋ ಇ ಅಕ್ಷರವೋ ಎಂಬ ಗೊಂದಲ. ಡಬ್ಲ್ಯೂ-ಒ-ಎಮ್-ಎ-ಎನ್ ಆದಮೇಲೆ ಅಪಾಸ್ಟ್ರಫಿ-ಎಸ್ ಬಂದರೆ ಒಬ್ಬ ಹೆಂಗಸಿನ. ಎ ಜಾಗದಲ್ಲಿ ಇ ಬಂದರೆ ಹೆಂಗಸರ. ಎರಡರಲ್ಲೂ ಚಿಹ್ನೆಯ ಜಾಗ ಒಂದೇ ಆಗಿರುವುದರಿಂದ ಅರ್ಥದ ಭಾರವೆಲ್ಲ ಆ ಒಂದು ಅಕ್ಷರದ ಮೇಲೆ ನಿಂತಿದೆ.

“ಎ ಚಿಲ್ಡ್ರನ್’ಸ್ ಹಾಸ್ಪಿಟಲ್” ಸರಿಯೇ? ಬಹುವಚನಕ್ಕೆ “ಎ” ಹೇಗೆ ಬಂತು?

ಸರಿ. ಆ “ಎ” ಆಸ್ಪತ್ರೆಗೆ ಸೇರಿದ್ದು, ಮಕ್ಕಳಿಗಲ್ಲ. “ಒಂದು ಮಕ್ಕಳ ಆಸ್ಪತ್ರೆ” ಎನ್ನುವಾಗ ನಾವೂ “ಒಂದು” ಎಂಬುದನ್ನು ಆಸ್ಪತ್ರೆಗೇ ಜೋಡಿಸಿಕೊಳ್ಳುತ್ತೇವೆ. ಎ ವಿಮೆನ್’ಸ್ ಹಾಸ್ಟೆಲ್, ದಿಸ್ ಮೆನ್’ಸ್ ಶಾಪ್ ಕೂಡ ಹೀಗೇ. ದೋಷ ಹುಡುಕುವ ಪ್ರಶ್ನೆಗಳಲ್ಲಿ ಇಂಥ ವಾಕ್ಯ ಕೊಟ್ಟರೆ ಗಾಬರಿಯಾಗಿ “ಎ” ಹೊಡೆದು ಹಾಕಬೇಡಿ.

ವಿಮೆನ್ ಡಾಕ್ಟರ್ಸ್, ವಿಮೆನ್’ಸ್ ಡಾಕ್ಟರ್ಸ್: ಯಾವುದು ಸರಿ?

ಎರಡೂ ಸರಿ, ಅರ್ಥ ಬೇರೆ. ವಿಮೆನ್ ಡಾಕ್ಟರ್ಸ್ ಅಂದರೆ ಮಹಿಳಾ ವೈದ್ಯರು, ವೈದ್ಯರೇ ಹೆಂಗಸರು. ವಿಮೆನ್’ಸ್ ಡಾಕ್ಟರ್ಸ್ ಅಂದರೆ ಹೆಂಗಸರಿಗೆ ಚಿಕಿತ್ಸೆ ಕೊಡುವ ವೈದ್ಯರು, ಅವರು ಗಂಡಸರೂ ಆಗಿರಬಹುದು. ವಿಮೆನ್ ಟೀಚರ್ಸ್, ವಿಮೆನ್ ಕ್ಯಾಂಡಿಡೇಟ್ಸ್, ವಿಮೆನ್ ಕಂಡಕ್ಟರ್ಸ್ ಎನ್ನುವಾಗ ಅಪಾಸ್ಟ್ರಫಿ ಬೇಡ. ಅಲ್ಲಿ ವಿಮೆನ್ ಎಂಬುದು ವಿಶೇಷಣದ ಕೆಲಸ ಮಾಡುತ್ತದೆ.

ಪರೀಕ್ಷೆ ಸುಲಭ. ಕನ್ನಡದಲ್ಲಿ “ಮಹಿಳೆಯರ” ಅಥವಾ “ಮಹಿಳೆಯರಿಗಾಗಿ” ಎಂದು ಇಟ್ಟು ನೋಡಿ. ಕೂತರೆ ಅಪಾಸ್ಟ್ರಫಿ ಹಾಕಿ. “ಮಹಿಳೆಯೇ ಆಗಿರುವ” ಎಂಬುದು ಕೂತರೆ ಹಾಕಬೇಡಿ. ಸ್ವಸಹಾಯ ಸಂಘ ಮಹಿಳೆಯರದು, ಆದ್ದರಿಂದ ವಿಮೆನ್’ಸ್ ಸೆಲ್ಫ್-ಹೆಲ್ಪ್ ಗ್ರೂಪ್. ನಡುವೆ ನಿಲ್ಲುವ ಕೆಲವು ಹೆಸರುಗಳೂ ಇವೆ. ಮಹಿಳಾ ಪೊಲೀಸ್ ಠಾಣೆಗೆ ವಿಮೆನ್ ಪೊಲೀಸ್ ಸ್ಟೇಶನ್ ಎಂದರೂ ವಿಮೆನ್’ಸ್ ಪೊಲೀಸ್ ಸ್ಟೇಶನ್ ಎಂದರೂ ನಡೆಯುತ್ತದೆ.

ಸಂಸ್ಥೆಯ ಹೆಸರಲ್ಲೇ ಅಪಾಸ್ಟ್ರಫಿ ಇಲ್ಲದಿದ್ದರೆ ನಾವು ಸೇರಿಸಬೇಕೇ?

ಸೇರಿಸಬೇಡಿ. ವಿಜಯಪುರದಲ್ಲಿ 2003ರಲ್ಲಿ ಶುರುವಾಗಿ ಈಗ ಅಕ್ಕಮಹಾದೇವಿಯವರ ಹೆಸರು ಹೊತ್ತಿರುವ ರಾಜ್ಯ ಮಹಿಳಾ ವಿಶ್ವವಿದ್ಯಾಲಯವಿರಲಿ, ನಿಮ್ಮೂರಿನ ಮಹಿಳಾ ಕಾಲೇಜಿರಲಿ, ಅರ್ಜಿಯಲ್ಲೂ ಬಯೋಡೇಟಾದಲ್ಲೂ ಹೆಸರನ್ನು ಅಂಕಪಟ್ಟಿಯಲ್ಲಿ ಇರುವಂತೆಯೇ ಇಳಿಸಿಕೊಳ್ಳಿ. ವ್ಯಾಕರಣ ಅನ್ವಯಿಸುವುದು ನೀವು ನಿಮ್ಮ ಮಾತಿನಲ್ಲಿ ಬರೆಯುವಾಗ. ವೆಬ್‌ಸೈಟ್ ವಿಳಾಸಗಳಲ್ಲಂತೂ ಅಪಾಸ್ಟ್ರಫಿ ಹಾಕಲು ಬರುವುದೇ ಇಲ್ಲ, ಅದನ್ನು ನೋಡಿ ಕಾಗುಣಿತ ಕಲಿಯಬಾರದು.

ಬಸ್ ನಿಲ್ದಾಣದ ಶೌಚಾಲಯದ ಬೋರ್ಡಿಗೆ “ಮೆನ್ ಆ್ಯಂಡ್ ವಿಮೆನ್’ಸ್ ಟಾಯ್ಲೆಟ್ಸ್” ಸಾಕೇ?

ಬೇರೆ ಬೇರೆ ಇದ್ದರೆ ಸಾಲದು. ಪ್ರತಿಯೊಬ್ಬರದೂ ಪ್ರತ್ಯೇಕವಾದಾಗ ಪ್ರತಿ ಪದಕ್ಕೂ ಚಿಹ್ನೆ ಬೇಕು: ಮೆನ್’ಸ್ ಆ್ಯಂಡ್ ವಿಮೆನ್’ಸ್ ಟಾಯ್ಲೆಟ್ಸ್. ಕೊನೆಯ ಪದಕ್ಕೆ ಮಾತ್ರ ಹಾಕಿದರೆ ಇಬ್ಬರೂ ಸೇರಿ ಬಳಸುವುದು ಎಂಬ ಅರ್ಥ ಬರುತ್ತದೆ. ಬಟ್ಟೆ ಅಂಗಡಿಯ ಮೆನ್’ಸ್, ವಿಮೆನ್’ಸ್ ಆ್ಯಂಡ್ ಚಿಲ್ಡ್ರನ್’ಸ್ ವೇರ್ ಬೋರ್ಡಿಗೆ ಮೂರು ಅಪಾಸ್ಟ್ರಫಿ.

ಫಿಶರ್‌ಮೆನ್, ಎಕ್ಸ್-ಸರ್ವಿಸ್‌ಮೆನ್, ವರ್ಕ್‌ಮೆನ್ ಪದಗಳಿಗೆ?

“ಮೆನ್” ಎಂದು ಮುಗಿಯುವ ಸಂಯುಕ್ತ ಪದಗಳೆಲ್ಲ ಮೆನ್ ದಾರಿಯಲ್ಲೇ ನಡೆಯುತ್ತವೆ. ಆಲಮಟ್ಟಿ ಹಿನ್ನೀರಿನ ಮೀನುಗಾರರ ಸಂಘವಾದರೆ ಫಿಶರ್‌ಮೆನ್’ಸ್ ಸೊಸೈಟಿ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯಲ್ಲಿ ದಿನವೂ ಬಳಕೆಯಾಗುವ ಮಾಜಿ ಸೈನಿಕರ ಸಂಘದ ಹೆಸರು ಎಕ್ಸ್-ಸರ್ವಿಸ್‌ಮೆನ್’ಸ್ ಅಸೋಸಿಯೇಶನ್.

ಇಲ್ಲಿ ಆಗುವ ತಪ್ಪು ಚಿಹ್ನೆಯದ್ದಕ್ಕಿಂತ ಸ್ವರದ್ದು. ಫಿಶರ್‌ಮನ್’ಸ್ ಎಂದು ಎ ಅಕ್ಷರ ಹಾಕಿಬಿಟ್ಟರೆ ಇಡೀ ಸಂಘ ಒಬ್ಬನೇ ಮೀನುಗಾರನದಾಗುತ್ತದೆ. ಮಾತಿನಲ್ಲಿ “ಮನ್” ಮತ್ತು “ಮೆನ್” ಎರಡೂ ಇಂಥ ಪದಗಳ ತುದಿಯಲ್ಲಿ ಒಂದೇ ಥರ ಕೇಳಿಸುತ್ತವೆ. ಹೇಳಿ ಬರೆಸುವಾಗ ಶಿಕ್ಷಕರು “ಇದು ಹಲವರದು” ಎಂದು ಬಾಯಿಬಿಟ್ಟು ಹೇಳಲೇಬೇಕು.

ಸಕ್ಕರೆ ಕಾರ್ಖಾನೆ, ಫೌಂಡ್ರಿ ಕಡತಗಳಲ್ಲಿ ಬರುವ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಒಳ್ಳೆಯ ಉದಾಹರಣೆ. ಅದರ ಮೂಲ ಹೆಸರು ವರ್ಕ್‌ಮೆನ್’ಸ್ ಕಾಂಪೆನ್ಸೇಶನ್ ಆ್ಯಕ್ಟ್, ಬಹುವಚನ. 2009ರ ತಿದ್ದುಪಡಿಯಲ್ಲಿ ಎಂಪ್ಲಾಯೀ’ಸ್ ಕಾಂಪೆನ್ಸೇಶನ್ ಆ್ಯಕ್ಟ್ ಆಯಿತು, ಇದು ಏಕವಚನ. ಕಡತದಲ್ಲಿ ಎಂಪ್ಲಾಯೀಸ್’ ಎಂದು ತಿದ್ದಲು ಹೋಗಬೇಡಿ, ಕಾಯ್ದೆಯ ಹೆಸರೇ ಹಾಗಿತ್ತು (2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂತು).

ಪೀಪಲ್’ಸ್ ಮತ್ತು ಪೀಪಲ್ಸ್’ ಎರಡೂ ನೋಡಿದ್ದೇವೆ. ಎರಡನೆಯದು ತಪ್ಪೇ?

ತಪ್ಪಲ್ಲ, ಆದರೆ ಅಪರೂಪ. ಜನರ ಎಂದು ಹೇಳಲು ಪೀಪಲ್’ಸ್. ಲೋಕ ಅದಾಲತ್‌ಗೆ ಪೀಪಲ್’ಸ್ ಕೋರ್ಟ್ ಎನ್ನುವುದು ಹೀಗೆ. ಪೀಪಲ್ ಎಂಬುದಕ್ಕೆ “ಒಂದು ಜನಾಂಗ” ಎಂಬ ಅರ್ಥವೂ ಇದೆ. ಆಗ ಅದು ಏಕವಚನ, ಅದರ ಬಹುವಚನ ಪೀಪಲ್ಸ್, ಹಲವು ಜನಾಂಗಗಳ ಎನ್ನಲು ಪೀಪಲ್ಸ್’. 1981ರ ಆಫ್ರಿಕನ್ ಮಾನವ ಹಕ್ಕುಗಳ ಸನ್ನದಿನ ಇಂಗ್ಲಿಷ್ ಹೆಸರಿನಲ್ಲಿ ಹ್ಯೂಮನ್ ಆ್ಯಂಡ್ ಪೀಪಲ್ಸ್’ ರೈಟ್ಸ್ ಎಂದಿರುವುದು ಈ ಅರ್ಥದಲ್ಲಿ. ನಮ್ಮ ಅರ್ಜಿ, ವರದಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಲ ಬೇಕಾಗುವುದು ಪೀಪಲ್’ಸ್ ಮಾತ್ರ.

ಶೀಪ್, ಡಿಯರ್, ಫಿಶ್: ಒಂದಾದರೂ ಹಲವಾದರೂ ಪದ ಒಂದೇ. ಆಗ?

ಷಷ್ಠಿಯೂ ಒಂದೇ, ಶೀಪ್’ಸ್. ಒಂದು ಕುರಿಯದೋ ಹಿಂಡಿನದೋ ಎಂದು ಗೊತ್ತಾಗಬೇಕಾದರೆ ಪಕ್ಕದ ಪದದಿಂದ ಗೊತ್ತಾಗಬೇಕು. ದಿಸ್ ಶೀಪ್’ಸ್ ವೂಲ್ ಎಂದರೆ ಈ ಕುರಿಯ ಉಣ್ಣೆ, ದೀಸ್ ಶೀಪ್’ಸ್ ವೂಲ್ ಎಂದರೆ ಈ ಕುರಿಗಳ ಉಣ್ಣೆ. ಕಂಬಳಿ ನೇಯುವವರ ಬಗ್ಗೆ ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳು ಶೀಪ್ಸ್’ ಎಂದು ಬರೆದು ಅಂಕ ಕಳೆದುಕೊಳ್ಳುವುದುಂಟು. ಸೀರೀಸ್, ಸ್ಪೀಶೀಸ್ ಪದಗಳೂ ಎರಡು ವಚನದಲ್ಲಿ ಒಂದೇ. ಆದರೆ ಅವು ಎಸ್‌ಗೆ ಮುಗಿಯುವುದರಿಂದ ಬಹುವಚನದ ಷಷ್ಠಿಗೆ ಬರೀ ಅಪಾಸ್ಟ್ರಫಿ.

ವೈಫ್-ವೈವ್ಸ್, ಥೀಫ್-ಥೀವ್ಸ್ ಕೂಡ ಅನಿಯಮಿತವಲ್ಲವೇ?

ಬಹುವಚನವಾಗುವಾಗ ಎಫ್ ಹೋಗಿ ವಿ ಬರುತ್ತದೆ, ಅಷ್ಟೇ. ಕೊನೆಗೆ ಎಸ್ ಇದ್ದೇ ಇದೆ. ವೈವ್ಸ್’, ಥೀವ್ಸ್’, ನೈವ್ಸ್’, ಲೀವ್ಸ್’. ಏಕವಚನದಲ್ಲಿ ಎಫ್ ಹಾಗೇ ಉಳಿಯುತ್ತದೆ, ವೈಫ್’ಸ್. ಹೆಂಡತಿಯ ಹೆಸರು ಬರೆಯುವ ಕಾಲಮ್ಮಿನಲ್ಲಿ ವಿ ಹಾಕಿ ವೈವ್’ಸ್ ಎಂದು ಬರೆಯಬೇಡಿ.

ಆ್ಯಲಮ್ನೈ, ಕ್ರೈಟೀರಿಯಾ, ಕ್ರೈಸೀಸ್ ಮುಂತಾದ ಪರಭಾಷೆಯ ಪದಗಳಿಗೆ?

ನಿಯಮ ಬದಲಾಗುವುದಿಲ್ಲ. ಆ್ಯಲಮ್ನೈ ಪದ ಐ ಅಕ್ಷರಕ್ಕೆ ಮುಗಿಯುತ್ತದೆ, ಆದ್ದರಿಂದ ಆ್ಯಲಮ್ನೈ’ಸ್. ಮೀಡಿಯಾ’ಸ್, ಬ್ಯಾಕ್ಟೀರಿಯಾ’ಸ್ ಸಹ ಹಾಗೇ. ಕ್ರೈಸಿಸ್ ಪದದ ಬಹುವಚನ ಕ್ರೈಸೀಸ್ ಎಸ್‌ಗೆ ಮುಗಿಯುವುದರಿಂದ ಕ್ರೈಸೀಸ್’, ಥೀಸೀಸ್’. ವ್ಯಾಕರಣಕ್ಕೆ ಸರಿಯಿದ್ದರೂ ಓದಲು ಒರಟಾಗುವ ರೂಪಗಳಿವು. ಕ್ರೈಟೀರಿಯಾ’ಸ್ ಎನ್ನುವ ಬದಲು “ಆಫ್ ದ ಕ್ರೈಟೀರಿಯಾ” ಎಂದು ಬರೆಯುವುದೇ ವಾಸಿ.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಆ್ಯಲಮ್ನೈ ಅಸೋಸಿಯೇಶನ್ ಎಂದರೆ ಸಾಕು, ಅಪಾಸ್ಟ್ರಫಿ ಬೇಕಿಲ್ಲ.

ಸೊಸೆಯಂದಿರ ಎನ್ನಲು?

ಬಹುವಚನದ ಎಸ್ ಮೊದಲ ಪದಕ್ಕೆ, ಷಷ್ಠಿ ಕೊನೆಯ ಪದಕ್ಕೆ. ಡಾಟರ್ಸ್-ಇನ್-ಲಾ ಅಂದರೆ ಸೊಸೆಯಂದಿರು, ಡಾಟರ್ಸ್-ಇನ್-ಲಾ’ಸ್ ಅಂದರೆ ಸೊಸೆಯಂದಿರ. ಒಬ್ಬಳೇ ಸೊಸೆಯಾದರೆ ಡಾಟರ್-ಇನ್-ಲಾ’ಸ್. ಹೆಸರು ಉದ್ದವಾದಾಗ ಕೊನೆಗೆ ಚಿಹ್ನೆ ಅಂಟಿಸುವುದು ಅಪಾಯ. “ದ ವಿಮೆನ್ ಆಫ್ ಇಳಕಲ್’ಸ್ ಸ್ಯಾರೀಸ್” ಎಂದು ಬರೆದರೆ ಸೀರೆ ಹೆಂಗಸರದೋ ಊರಿನದೋ ತಿಳಿಯುವುದಿಲ್ಲ. “ದ ಸ್ಯಾರೀಸ್ ಆಫ್ ದ ವಿಮೆನ್ ಆಫ್ ಇಳಕಲ್” ಎಂದು ಬಿಡಿಸಿ ಬರೆಯಿರಿ.

ದಿನಾಚರಣೆಗಳ ಬ್ಯಾನರಿನಲ್ಲಿ ಯಾವುದಕ್ಕೆ ಎಲ್ಲಿ ಚಿಹ್ನೆ?

ನವೆಂಬರ್ 14ಕ್ಕೆ ಚಿಲ್ಡ್ರನ್’ಸ್ ಡೇ, ಮಾರ್ಚ್ 8ಕ್ಕೆ ವಿಮೆನ್’ಸ್ ಡೇ. ಸೆಪ್ಟೆಂಬರ್ 5ಕ್ಕೆ ಟೀಚರ್ಸ್’ ಡೇ, ಸೆಪ್ಟೆಂಬರ್ 15ಕ್ಕೆ ಎಂಜಿನಿಯರ್ಸ್’ ಡೇ. ಮೇ ತಿಂಗಳ ಎರಡನೇ ಭಾನುವಾರದ ಮದರ್’ಸ್ ಡೇ ಮಾತ್ರ ಏಕವಚನ. ಅಮೆರಿಕದಲ್ಲಿ ಆ ದಿನಕ್ಕಾಗಿ ದುಡಿದ ಅನ್ನಾ ಜಾರ್ವಿಸ್, ಪ್ರತಿ ಮನೆಯವರೂ ತಮ್ಮ ತಮ್ಮ ತಾಯಿಯನ್ನು ಗೌರವಿಸಬೇಕು ಎಂಬ ಕಾರಣಕ್ಕೆ ಏಕವಚನವೇ ಇರಲೆಂದು ಪಟ್ಟು ಹಿಡಿದಿದ್ದರು. ಹೋದ ವರ್ಷದ ಟೀಚರ್ಸ್’ ಡೇ ಫೈಲ್ ತೆಗೆದು ಹೆಸರು ಮಾತ್ರ ಬದಲಿಸಿ ಚಿಲ್ಡ್ರನ್’ಸ್ ಡೇ ಬ್ಯಾನರ್ ಮಾಡುವಾಗ ಚಿಹ್ನೆ ಕೊನೆಯಲ್ಲೇ ಉಳಿದುಬಿಡುತ್ತದೆ. ಶಾಲೆಗಳಿಗೆ ಹೋಗುವ ಬ್ಯಾನರ್ ಇದು, ಮುದ್ರಣಕ್ಕೆ ಬಿಡುವ ಮುನ್ನ ಆ ಒಂದು ಪದವನ್ನು ಕಣ್ಣಾರೆ ನೋಡಿ.

ಈ ಪದಗಳೇಕೆ ಹೀಗೆ? ಎಲ್ಲದಕ್ಕೂ ಎಸ್ ಹಚ್ಚಿದ್ದರೆ ಆಗುತ್ತಿರಲಿಲ್ಲವೇ?

ಇವು ಇಂಗ್ಲಿಷಿನ ಬಹಳ ಹಳೆಯ ಪದಗಳು. ಮನುಷ್ಯ, ಮಗು, ಎತ್ತು, ಕಾಲು, ಹಲ್ಲು ಎಂದು ದಿನವೂ ಬಾಯಲ್ಲಿ ಓಡಾಡುವ ಪದಗಳಾದ್ದರಿಂದ ಹಳೇ ರೂಪ ಸವೆಯದೆ ಉಳಿಯಿತು. ಹಳೆಯ ಇಂಗ್ಲಿಷಿನಲ್ಲಿ ಬಹುವಚನ ಮಾಡಲು ಹಲವು ದಾರಿಗಳಿದ್ದವು. ಒಳಗಿನ ಸ್ವರ ಬದಲಿಸುವುದು ಒಂದು: ಮ್ಯಾನ್-ಮೆನ್, ಫುಟ್-ಫೀಟ್. ಎನ್ ಹಚ್ಚುವುದು ಇನ್ನೊಂದು: ಆಕ್ಸ್-ಆಕ್ಸೆನ್. ಚಿಲ್ಡ್ರನ್‌ಗೆ ಎರಡೆರಡು ಪ್ರತ್ಯಯ ಬಿದ್ದಿವೆ. ಆರ್ ಬರುವ ಹಳೆಯ ಬಹುವಚನವೊಂದು ಮೊದಲೇ ಇತ್ತು, ಜನ ಅದರ ಮೇಲೆ ಮತ್ತೆ ಎನ್ ಹಚ್ಚಿದರು.

ಷಷ್ಠಿಯ ಎಸ್‌ನ ಹಿಂದೆಯೂ ಹಿಂದೊಮ್ಮೆ ಇ ಅಕ್ಷರವಿತ್ತು. ಆ ಸ್ವರ ಬಾಯಲ್ಲಿ ಬಿದ್ದುಹೋದ ಮೇಲೆ ಬರವಣಿಗೆಯಲ್ಲಿ ಅದರ ಜಾಗಕ್ಕೆ ಅಪಾಸ್ಟ್ರಫಿ ಬಂತು. ಎಸ್ ಆದಮೇಲೆ ಚಿಹ್ನೆ ಹಾಕುವ ಬಾಯ್ಸ್’ ಪದ್ಧತಿ ಬರವಣಿಗೆಯಲ್ಲಿ ನೆಲೆಗೊಂಡದ್ದು ಇನ್ನೂ ತಡವಾಗಿ, 18ನೇ ಶತಮಾನದ ಹೊತ್ತಿಗೆ.

ಕಾರ ಹುಣ್ಣಿಮೆಗೆ ಬಣ್ಣ ಬಳಿಯುವ ಎತ್ತುಗಳ ಕೋಡಿಗೆ ಆಕ್ಸೆನ್’ಸ್ ಹಾರ್ನ್ಸ್. ಹಾರ್ನ್ಸ್ ಬರೀ ಬಹುವಚನ, ಅದಕ್ಕೆ ಚಿಹ್ನೆ ಬೇಡ. ಈ ಒಂದು ಉದಾಹರಣೆಯನ್ನು ಬಿಡಿಸಿ ಹೇಳಿದರೆ ನಮ್ಮ ಕಡೆಯ ಹಳ್ಳಿ ಶಾಲೆಗಳ ಮಕ್ಕಳಿಗೆ ಎರಡೂ ಎಸ್‌ಗಳ ವ್ಯತ್ಯಾಸ ಮನದಟ್ಟಾಗುತ್ತದೆ.

ಬೋರ್ಡ್, ಫ್ಲೆಕ್ಸ್ ಮಾಡುವಾಗ ಏನೇನು ಕೆಡುತ್ತದೆ?

ಮೊದಲನೆಯದು ಕೀ. ಅಪಾಸ್ಟ್ರಫಿ ಇರುವುದು ಎಂಟರ್ ಕೀ ಎಡಕ್ಕೆ. ಕೀಬೋರ್ಡಿನ ಎಡ ಮೂಲೆಯಲ್ಲಿ 1ರ ಪಕ್ಕ ಇರುವುದು ಬೇರೆ ಚಿಹ್ನೆ, ಅದು ಹಿಂದಕ್ಕೆ ವಾಲಿರುತ್ತದೆ. ಸರಿಯಾದ ಅಪಾಸ್ಟ್ರಫಿ ಮೇಲಕ್ಕೆ ಏರಿಸಿದ ಪುಟ್ಟ 9ರಂತೆ ಕಾಣಬೇಕು. 6ರಂತೆ ಕಂಡರೆ ಅದು ಉದ್ಧರಣೆ ಶುರುವಾಗುವ ಚಿಹ್ನೆ. ಚಿಹ್ನೆಗೆ ಮುಂಚೆ ಸ್ಪೇಸ್ ಬಿದ್ದರೆ ಸಾಫ್ಟ್‌ವೇರ್ ತಾನಾಗಿ 6ರ ಆಕಾರ ಕೊಡುತ್ತದೆ, ಆ ಸ್ಪೇಸ್ ಅಳಿಸಿ ಮತ್ತೆ ಒತ್ತಿ.

ಕನ್ನಡ ಫಾಂಟಿನಲ್ಲಿದ್ದಾಗಲೇ ಚಿಹ್ನೆ ಒತ್ತಿದರೆ ಅದರ ದಪ್ಪ, ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಹೊಂದುವುದಿಲ್ಲ. ಇಂಗ್ಲಿಷ್ ಫಾಂಟಿಗೆ ಬದಲಿಸಿ ಇಡೀ ಪದವನ್ನು ಒಂದೇ ಫಾಂಟಿನಲ್ಲಿ ಟೈಪ್ ಮಾಡಿ. ದೊಡ್ಡಕ್ಷರದಲ್ಲಿ ಬರೆಯುವಾಗ ಕೊನೆಯ ಎಸ್ ಸಹ ದೊಡ್ಡದೇ ಇರಲಿ.

ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯ ನಂತರ ಇಂಗ್ಲಿಷ್ ಸಾಲು ಸಣ್ಣದಾಗಿದೆ, ಅದರೊಳಗಿನ ಅಪಾಸ್ಟ್ರಫಿ ಇನ್ನೂ ಸಣ್ಣದು. ವಿನೈಲ್ ಕತ್ತರಿಸಿ ಅಂಟಿಸುವಾಗ ಮೊದಲು ಕಿತ್ತು ಬರುವುದೇ ಆ ಚೂರು. ಸ್ಟೀಲ್ ಅಥವಾ ಎಲ್‌ಇಡಿ ಅಕ್ಷರ ಮಾಡಿಸುವುದಾದರೆ ಆರ್ಡರ್ ಚೀಟಿಯಲ್ಲೇ ತುಂಡುಗಳ ಲೆಕ್ಕ ಬರೆದುಕೊಡಿ: ಚಿಲ್ಡ್ರನ್’ಸ್ ಪದಕ್ಕೆ 9 ಅಕ್ಷರ ಮತ್ತು 1 ಚಿಹ್ನೆ, ಒಟ್ಟು 10. ವಿಮೆನ್’ಸ್‌ಗೆ 7, ಮೆನ್’ಸ್‌ಗೆ 5. ಲೆಕ್ಕದಲ್ಲಿ ಇಲ್ಲದ ತುಂಡು ಫಿಟಿಂಗ್ ಹೊತ್ತಿಗೆ ಸಿಗುವುದಿಲ್ಲ.

ರಜೆ ಅರ್ಜಿಯಲ್ಲಿ “ತ್ರೀ ಡೇಸ್ ಲೀವ್” ಎನ್ನಲೂ ಅಪಾಸ್ಟ್ರಫಿ ಬೇಕೇ?

ಬೇಕು, ತ್ರೀ ಡೇಸ್’ ಲೀವ್. ಒಂದೇ ದಿನವಾದರೆ ವನ್ ಡೇ’ಸ್ ಲೀವ್. ಅನುಭವ ಬರೆಯುವಾಗ ಟೂ ಇಯರ್ಸ್’ ಎಕ್ಸ್‌ಪೀರಿಯನ್ಸ್. ಇವು ನಿಯಮಿತ ಬಹುವಚನಗಳು, ಎಸ್‌ಗೆ ಮುಗಿಯುತ್ತವೆ, ಚಿಹ್ನೆ ಕೊನೆಗೆ.